ನಪಾಸಾದ ಬದನೆಕಾಯಿ

ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಾಜರಿದ್ದವರು: ನಾನು, ನಮ್ಮಣ್ಣ, ಮತ್ತು ಎರಡು ಕಣ್ಣುಳ್ಳ ಒಂದು ಬದನೆಕಾಯಿ.

ಬದನೆಕಾಯಿ ಅಡುಗೆಮನೆಯಲ್ಲಿರಲಿಲ್ಲ, ಅಣ್ಣನ ಕೈಯಲ್ಲಿದ್ದ ಆಟದ ಯಂತ್ರದ ಪರದೆಯ ಮೇಲಿತ್ತು. ಹುಬ್ಬಳ್ಳಿ, ಧಾರವಾಡ ಎರಡೂ ಊರು ಸೇರಿಸಿ ಹುಡುಕಿದರೂ ನಮ್ಮಣ್ಣನಷ್ಟು ರಾಕ್ಷಸರನ್ನು ನಪಾಸು ಮಾಡಿದ ಮನುಷ್ಯ ಇನ್ನೊಬ್ಬ ಸಿಗಲಾರ. ಬೇಕಾದರೆ ಪಂಥ ಕಟ್ಟುತ್ತೇನೆ!

ಅಣ್ಣ ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ನಾನು ಅಷ್ಟೇ ವರ್ಷ ಆಸ್ಪತ್ರೆಯಲ್ಲಿ ನರ್ಸು. ಹೋದ ವರ್ಷ ಅವನಿಗೆ ಸಣ್ಣಗೆ ಲಕ್ವ ಹೊಡೆದು ಬಲಗೈ ಬಿಗಿಯಿತು. ನಡಿಗೆ ಮರಳಿತು, ಮಾತು ಮರಳಿತು. (ಮಾತು ಇನ್ನೊಂದು ತಿಂಗಳು ತಡವಾಗಿ ಬಂದಿದ್ದರೂ ನಡೆಯುತ್ತಿತ್ತು!) ಪೆನ್ಸಿಲಿಗೆ ಮಾತ್ರ ಕೈ ಮರಳಲಿಲ್ಲ. ಒಮ್ಮೆ ಒಂದು ಗೆರೆ ಎಳೆದ. ಅದು ನಡುಗಿತು. ಪೆನ್ಸಿಲನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ. ಅದು ಮತ್ತೆ ತೆರೆಯುತ್ತದೋ ಇಲ್ಲವೋ ಎಂಬುದೇ ಅಂದಿನಿಂದ ನನ್ನ ಚಿಂತೆ.

ಬೆರಳಿಗೆ ಕೆಲಸ ಕೊಡಿ ಎಂದರು ವೈದ್ಯರು. ಕೂಡಲೇ ಚಾರ್ಟು ಬರೆದು ಗೋಡೆಗೆ ಅಂಟಿಸಿದೆ. ರಬ್ಬರ್ ಚೆಂಡು ಹಿಚುಕುವುದು: ಬೆಳಿಗ್ಗೆ ಏಳಕ್ಕೆ ಇಪ್ಪತ್ತು ನಿಮಿಷ, ಸಂಜೆ ಐದಕ್ಕೆ ಇಪ್ಪತ್ತು ನಿಮಿಷ. ಮೂರನೇ ದಿನ ಅಣ್ಣ ಚೆಂಡನ್ನು ಓಣಿಯ ನಾಯಿಗೆ ಕೊಟ್ಟುಬಿಟ್ಟ. ನಾಯಿ ಮಾತ್ರ ಚಾರ್ಟಿನಂತೆಯೇ ನಡೆದುಕೊಂಡಿತು.

ಆಗ ಕೇಶ್ವಾಪುರದಲ್ಲಿರುವ ಅವನ ಮಗಳು ತನ್ನ ಹಳೆಯ ಆಟದ ಯಂತ್ರ ತಂದಳು. "ಅಪ್ಪಾ, ಇದರಾಗ ಹುಲ್ಲಿನ್ಯಾಗ ಅಡ್ಡಾಡಿ ರಾಕ್ಷಸರನ್ನ ಹಿಡೀಬೇಕು, ಸಾಕಬೇಕು, ಕಾದಾಡಿಸಬೇಕು. ನಾ ಸಣ್ಣಾಕಿ ಇದ್ದಾಗಿಂದ ಬರಾಕತ್ತೈತಿ ಈ ಆಟ. ನೂರಾರು ರಾಕ್ಷಸರು ಅದಾರ."

"ನೂರಾರು ಚಿತ್ರ ತಗದಾರ?" ಅಣ್ಣನ ಮುಖ ಅರಳಿತು. ಹತ್ತೇ ನಿಮಿಷದಲ್ಲಿ ಬಾಡಿತು.

"ತಂಗೀ, ಬಾ ಇಲ್ಲೆ! ಬಕೀಟಿಗೆ ಎರಡು ಕಣ್ಣ ಹಚ್ಯಾರ. ಇದು ರಾಕ್ಷಸಂತ! ನನ್ನ ಕ್ಲಾಸಿನ ಹುಡುಗ ಹಿಂಗ ತಗದಿದ್ರ ಹೊರಗ ನಿಲ್ಲಸ್ತಿದ್ದೆ."

ಎರಡನೆಯದು ಕಣ್ಣಿದ್ದ ಬೀಗ. ಅದು ಬೆಳೆದರೆ ಏನಾಗುತ್ತದೆ? ಎರಡು ಬೀಗ!

ಈ ಬೆಳೆಯುವುದನ್ನು ಹೇಳಬೇಕು. ಗೆಲ್ಲುತ್ತಾ ಹೋದ ರಾಕ್ಷಸ ರೂಪ ಬದಲಿಸಿ ಬಲಶಾಲಿಯಾಗುತ್ತದೆ. ಬೇಡವೆಂದರೆ ಒಂದು ಗುಂಡಿ ಒತ್ತಿ ತಡೆಯಬಹುದು. ಬಲ ಬರುವುದನ್ನು ಯಾರಾದರೂ ತಡೆಯುತ್ತಾರೆಯೇ? ನಮ್ಮಣ್ಣ ತಡೆಯುತ್ತಾನೆ! ಚಿತ್ರ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹೇಳುತ್ತಾನೆ. ಬರೆದುಕೊಳ್ಳುವವಳು ನಾನು, ಅವನು ಪೆನ್ಸಿಲ್ ಮುಟ್ಟುವುದಿಲ್ಲವಲ್ಲ. ನಾಲ್ಕಕ್ಕಿಂತ ಕಡಿಮೆ ಬಿದ್ದರೆ ಗುಂಡಿ ಒತ್ತಿದ ಎಂದೇ ಲೆಕ್ಕ. "ಅದೇ ಕ್ಲಾಸಿನ್ಯಾಗ ಕೂಡಲಿ. ಪುಕ್ಕಟೆ ಪಾಸ್ ಮಾಡೂ ಮಾಸ್ತರ ನಾ ಅಲ್ಲ."

ಹೀಗಾಗಿ ಅವನ ಸೈನ್ಯದಲ್ಲಿರುವುದೆಲ್ಲ ನಪಾಸಾದ ಕೂಸುಗಳು. ಪ್ರತಿ ಕಾಳಗದಲ್ಲೂ ಸೋಲು. ಮಗಳು ತಲೆ ಚಚ್ಚಿಕೊಂಡಳು. "ಅಪ್ಪಾ, ಹಿಂಗಾದ್ರ ಯಾವತ್ತೂ ಗೆಲ್ಲೂದಿಲ್ಲ ನೀ!"

"ಗೆಲ್ಲಾಕ ಯಾರು ಆಡಾಕತ್ತಾರವ್ವಾ? ನಾ ಪೇಪರ್ ತಿದ್ದಾಕತ್ತೇನಿ."

ಅಷ್ಟರಲ್ಲಿ ನಾನು ಒಂದು ಸಂಗತಿ ಗಮನಿಸಿದ್ದೆ. ಸಮಾಧಾನದಿಂದಿದ್ದ ದಿನ ಅಣ್ಣನ ಬೆರಳು ಇಪ್ಪತ್ತು ನಿಮಿಷಕ್ಕೆ ದಣಿಯುತ್ತಿದ್ದವು. ಸಿಟ್ಟು ಬಂದ ದಿನ ನಲವತ್ತಾದರೂ ದಣಿಯುತ್ತಿರಲಿಲ್ಲ. ಅಂದರೆ ಔಷಧ ಆಟವಲ್ಲ, ಸಿಟ್ಟು! ದಿನಕ್ಕೆರಡು ಹೊತ್ತು ಕೊಡತೊಡಗಿದೆ.

"ಬಕೀಟ ಛಲೋ ಐತಲ್ಲಣ್ಣಾ. ಹಿಡಿಕಿ ಭಾಳ ಲಕ್ಷಣಾಗೈತಿ."

"ನಿನಗೇನ ತಿಳೀತೈತಿ? ಇಂಜೆಕ್ಷನ್ ಚುಚ್ಚಾಕಿ!"

ಆ ಭಾನುವಾರ ಬದನೆಕಾಯಿ ಅಪ್ಪಿತಪ್ಪಿ ಗೆದ್ದು ಬೆಳೆಯತೊಡಗಿತು. ಒಂದೇ ತೊಟ್ಟಿಗೆ ಮೂರು ಬದನೆಕಾಯಿ, ಆರು ಕಣ್ಣು. ಅಣ್ಣ ಗುಂಡಿ ಒತ್ತಿದ ಸಪ್ಪಳ ಹಿತ್ತಲಿಗೂ ಕೇಳಿಸಿರಬೇಕು. "ಒಂದಿದ್ದದ್ದು ಮೂರಾತು! ಇದು ಕಲ್ಪನಾ ಅಲ್ಲ ತಂಗಿ, ಸಂತಿ ಚೀಲ!"

"ನಾನಾದ್ರ ಹತ್ತಕ್ಕ ಹತ್ತು ಕೊಡ್ತಿದ್ದೆ," ಎಂದೆ. "ನೀ ಆದ್ರೂ ಇದಕ್ಕಿಂತ ಛಲೋ ಏನ ತಗೀತಿದ್ದಿ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಚಿತ್ರ ಬರೆಯುವ ಮಾತನ್ನು ನಾವ್ಯಾರೂ ತಿಂಗಳುಗಟ್ಟಲೆ ಎತ್ತಿರಲಿಲ್ಲ. ಅಣ್ಣ ಯಂತ್ರವನ್ನು ಕೆಳಗಿಟ್ಟ. ಬೈಯಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಡೋಸು ತಪ್ಪದವಳು ಸ್ವಂತ ಮನೆಯಲ್ಲಿ ತಪ್ಪಿದ್ದೆ. ಏಳೂವರೆಯ ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಎಂದೂ ಇಲ್ಲದಂತೆ ಹದಿನೆಂಟು ನಿಮಿಷ ಅದನ್ನು ಕುದಿಸಿದೆ.

ಹೊರಗೆ ಬಂದಾಗ ಡಬ್ಬಿಯ ಮುಚ್ಚಳ ತೆಗೆದಿತ್ತು.

ಅಂಕಪಟ್ಟಿಯ ಬೆನ್ನಿಗೆ ಒಂದು ಗೋಡೆ ಗಡಿಯಾರದ ಚಿತ್ರ. ಹೊಸದಾಗಿ ಕಲಿತವರು ಬಡಿದ ರೊಟ್ಟಿಯಂತೆ ಅದರ ದುಂಡು. ಎರಡು ಕಣ್ಣು, ಮೇಲೆ ಕನ್ನಡಕ, ನೆತ್ತಿಗೊಂದು ತುರುಬು. ಮುಂದೆ ಚಾಚಿದ ಕೈಯಲ್ಲಿ ಒಂದು ಚೆಂಡು.

"ಏನಿದು?"

"ರಾಕ್ಷಸಿ. ಏಳಕ್ಕೊಮ್ಮೆ ಬರ್ತೈತಿ, ಐದಕ್ಕ ಮತ್ತ ಬರ್ತೈತಿ."

"ನೀನೂ ಗಡಿಯಾರಕ್ಕ ಎರಡು ಕಣ್ಣ ಹಚ್ಚಿದ್ಯಲ್ಲಾ! ಇದೇನ ಕಲ್ಪನಾ?"

"ಹೊಸಾದೇನರ ತಗೀಬೇಕಂತ ಭಾಳ ವಿಚಾರ ಮಾಡಿದೆ ತಂಗಿ," ಅಣ್ಣ ಚಹಾ ತೆಗೆದುಕೊಂಡ. ಬಲಗೈಯಿಂದ. "ಕಣ್ಮುಂದ ಬಂದಿದ್ದು ಇದೊಂದ."

"ಎಷ್ಟು ಬರ್ಕೊಳ್ಳಲಿ?"

"ಹತ್ತಕ್ಕ ಮೂರು. ನಪಾಸು. ನಾಳಿ ಮತ್ತ ತಗೀಬೇಕು."

ಆ ದಿನ ನಾನು ಮುಗಿಸಿದ ಕೊನೆಯ ಕೆಲಸ ಚಾರ್ಟಿಗೆ ಒಂದು ಸಾಲು ಸೇರಿಸಿದ್ದು: "ಬಲಗೈ, ಪೆನ್ಸಿಲ್, ಬೆಳಿಗ್ಗೆ ಹದಿನೆಂಟು ನಿಮಿಷ." ಅಕ್ಷರ ಸ್ವಲ್ಪ ನಡುಗಿದ್ದವು. ತಿದ್ದಲಿಲ್ಲ.