ಅತ್ತಿಗೆಯ ಕಂಪ್ಯೂಟರಿಗೆ ಅಣ್ಣನ ತಪಾಸಣೆ

ನಮ್ಮ ಅಣ್ಣನಿಗೆ ದೇವರ ಮೇಲೆ ಪೂರ್ಣ ನಂಬಿಕೆಯಿದೆ. ತೆಂಗಿನಕಾಯಿಯ ಮೇಲೆ ಮಾತ್ರ ಇಲ್ಲ! ಗುಡಿಗೆ ಒಯ್ಯುವ ಕಾಯಿಯ ಎರಡೂ ಬದಿಗೆ ಮಾರ್ಕರ್ ಪೆನ್ನಿನಿಂದ ಸಹಿ ಹಾಕಿ, ಕೆಳಗೆ ಎಷ್ಟು ಗಂಟೆಯೆಂದು ಬರೆದು ಪೂಜಾರಿಯ ಕೈಗೆ ಕೊಡುತ್ತಾನೆ. ಒಡೆದು ಬಂದ ಹೋಳು ತನ್ನದೇ ಹೌದೋ ಅಲ್ಲವೋ ಎಂದು ಗುಡಿಯ ಬಾಗಿಲಲ್ಲೇ ತಿರುವಿ ತಿರುವಿ ನೋಡುತ್ತಾನೆ. ಒಮ್ಮೆ ಪೂಜಾರಿ, "ಯಜಮಾನ್ರ, ದೇವ್ರು ನಿಮ್ಮ ಸಹಿ ಓದ್ಕೋಂತ ಕುಂತ್ರ ಆಶೀರ್ವಾದ ಮಾಡೂದು ಯಾವಾಗ್ರಿ?" ಎಂದು ಕೇಳಿದರು. ಅಂದಿನಿಂದ ಪೂಜಾರಿಯೂ ಸಂಶಯದ ಪಟ್ಟಿಗೆ ಸೇರಿದರು.

ಇದು ಹುಟ್ಟುಗುಣವಲ್ಲ, ಉದ್ಯೋಗದ ಗುಣ. ಅಣ್ಣ ಬಸ್ಸುಗಳಲ್ಲಿ ತಿಕೀಟು ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಆಗಿದ್ದವನು. ರಟ್ಟೀಹಳ್ಳಿಯ ದಾರಿಯಲ್ಲೋ ದುಂಡಸಿಯ ತಿರುವಿನಲ್ಲೋ ಮರದ ಮರೆಗೆ ನಿಂತು, ಬಸ್ಸಿಗೆ ತಟ್ಟನೆ ಕೈಮಾಡಿ ಹತ್ತಿ, ನಿದ್ದೆ ಹೋದವರನ್ನೂ ನಿದ್ದೆ ನಟಿಸುವವರನ್ನೂ ಎಬ್ಬಿಸಿ, "ಎಲ್ಲಿ ಹತ್ತಿದಿ? ಎಲ್ಲಿ ಇಳೀತಿ?" ಎಂದು ಕೇಳುತ್ತ ಆಯುಷ್ಯ ಕಳೆದ. ತಪಾಸಣೆ ಮುಗಿದಲ್ಲಿ ಸಹಿ, ವಾರ, ಗಂಟೆ. ನಿವೃತ್ತನಾಗಿ ಹಿರೇಕೆರೂರಿನಲ್ಲಿ ನೆಲೆಸಿದ ಮೇಲೆ ಬಸ್ಸು ಹೋಯಿತು, ಪ್ರಶ್ನೆ ಉಳಿಯಿತು. ಬೀಗರು ಹೊಸ್ತಿಲು ದಾಟಿದರೂ ಸರಿ, ಕಾಲಿಗೆ ನೀರು ಕೊಡುವ ಮೊದಲು, "ಎಲ್ಲಿ ಹತ್ತಿದ್ರಿ?" ಹತ್ತಿರದ್ದು ಕಣ್ಣಿಗೆ ಮಂಜಾಗಿ ಕಾಣುತ್ತದೆ, ಆದರೂ ಕನ್ನಡಕ ಹಾಕುವುದಿಲ್ಲ. ಕನ್ನಡಕದ ಅಂಗಡಿಯವನು ಪರೀಕ್ಷೆಯಲ್ಲಿ ಬೇಕಂತಲೇ ಮಸುಕಾದ ಅಕ್ಷರ ತೋರಿಸಿದನಂತೆ!

ನನ್ನ ಸ್ವಭಾವ ಬೇರೆ. ನಾನು ಹಾನಗಲ್ಲಿನಲ್ಲಿರುವವಳು, ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಏಳಕ್ಕೆ ನಾಷ್ಟಾ. ಮೊದಲಿನದು ಮೊದಲು, ಆಮೇಲಿನದು ಆಮೇಲೆ. ಸಂಶಯ ಬಂದರೆ ಪರೀಕ್ಷೆ ಮಾಡಬೇಕು, ಅದನ್ನು ಮನೆಯಲ್ಲಿ ಸಾಕಿಕೊಂಡು ಹಾಲೆರೆಯಬಾರದು ಎಂಬುದು ನನ್ನ ಮತ.

ಹೋದ ಶುಕ್ರವಾರ ಮುಂಜಾನೆ ನಡಿಗೆಯಿಂದ ಬರುವಷ್ಟರಲ್ಲಿ ಅಣ್ಣನ ಫೋನು.

"ತಂಗಿ, ಕಂಪ್ಯೂಟರ್ ಸತ್ತೈತಿ. ಲಗೂನ ಬಾ. ಬಸ್ಸಿನ್ಯಾಗ ಯಾರ ಮುಂದೂ ಹೇಳಬ್ಯಾಡ."

"ಹೇಳಿದ್ರ ಏನಾಕ್ಕೈತೋ?"

"ಮಾಡಿದಾವ ಅದ ಬಸ್ಸಿನ್ಯಾಗ ಕುಂತಿದ್ರ?"

ಬೇರೆ ಮನೆಯ ಕಂಪ್ಯೂಟರ್ ಸತ್ತಿದ್ದರೆ ನಾನು ಏಳು ಗಂಟೆಯ ನಾಷ್ಟಾ ಬಿಟ್ಟು ಓಡುತ್ತಿರಲಿಲ್ಲ. ಆದರೆ ಅದು ನಮ್ಮ ಅತ್ತಿಗೆಯ ಬಾಯಿ. ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಅಣ್ಣ ಪಾಟಿ-ಬಳಪ ತಂದುಕೊಟ್ಟ. ಅತ್ತಿಗೆ ಅವನ್ನು ಮುಟ್ಟಿಯೂ ನೋಡಲಿಲ್ಲ. ಮೊಬೈಲು ಕೊಟ್ಟೆವು. ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದವಳು ಅವಳು. ಹತ್ತು ಬೆರಳಿನವಳಿಗೆ ಒಂದು ಹೆಬ್ಬೆರಳು ಸಾಲುತ್ತದೆಯೇ?

ಕೊನೆಗೆ ಸವಣೂರು ಕಡೆಯಿಂದ ಬಂದು ಹಿರೇಕೆರೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ದಾದಾಪೀರ್ ಎಂಬವರು ಒಂದು ಡೆಸ್ಕ್‌ಟಾಪ್ ಜೋಡಿಸಿಕೊಟ್ಟರು. ಅತ್ತಿಗೆ ಟೈಪ್ ಮಾಡಿದ್ದು ಪರದೆಯ ಮೇಲೆ ಬದನೆಕಾಯಿ ಗಾತ್ರದ ಅಕ್ಷರಗಳಲ್ಲಿ ಮೂಡುತ್ತದೆ. ಅಣ್ಣನಿಗೆ ಕನ್ನಡಕವಿಲ್ಲವಲ್ಲ! ಸಾಲು ಮುಗಿದ ಕೂಡಲೇ ಸ್ಪೀಕರಿನಿಂದ ಒಂದು ಹೆಣ್ಣುಧ್ವನಿ ಅದನ್ನು ಓದುತ್ತದೆ. ಅತ್ತಿಗೆ ಸಿಟ್ಟಿನಿಂದ "ಏಳ್ರಿ, ಚಾ ಆರಾಕತ್ತೈತಿ" ಎಂದು ಕುಟ್ಟಿದರೆ, ಆ ಧ್ವನಿ ವಾರ್ತೆ ಓದಿದ ಹಾಗೆ ಒಂದೊಂದೇ ಪದ ಬಿಡಿಸಿ ತಣ್ಣಗೆ ಹೇಳುತ್ತದೆ. ಅಣ್ಣನಿಗೆ ಮೊದಲ ದಿನದಿಂದಲೇ ಸಂಶಯ.

"ಯಾರಿಕಿ? ನಮ್ಮ ಮನಿ ಮಾತೆಲ್ಲಾ ಕೇಳಿಸ್ಕೊಂತಾಳ, ತನ್ನ ಊರು ಮಾತ್ರ ಹೇಳವಲ್ಲಳು!"

ನಾನು ಹೋಗಿ ಮುಟ್ಟಿದಾಗ ಹತ್ತು ಗಂಟೆ. ಅಣ್ಣ ಬಾಗಿಲಲ್ಲೇ ತಡೆದ. "ಎಲ್ಲಿ ಹತ್ತಿದಿ?"

"ಹಾನಗಲ್ಲಿನ್ಯಾಗ ಹತ್ತೇನಿ, ಇಲ್ಲಿ ಇಳದೇನಿ. ಸರಿ, ಹಾದಿ ಬಿಡು!"

ಒಳಗೆ ಅತ್ತಿಗೆ ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ಕಂಡು ಕೈ ಹಿಡಿದು ಒತ್ತಿದಳು. ಆಮೇಲೆ ಅಣ್ಣನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕಳು. ನನಗೆ ಅಲ್ಲೇ ಸಂಶಯ ಹತ್ತಿತು. ಮೂರು ದಿನದಿಂದ ಮಾತಿಲ್ಲದವಳಿಗೆ ಈ ನಗು ಎಲ್ಲಿಂದ ಬಂತು? ನೋಡಿ, ಆ ಮನೆಯ ಗಾಳಿಯೇ ಹಾಗೆ!

"ಯಾವಾಗಿಂದ ಹಿಂಗ?" ಎಂದು ನೋಟ್‌ಬುಕ್ ತೆಗೆದೆ. ರೋಗಿಯ ಚರಿತ್ರೆ ಮೊದಲು.

"ಮಂಗಳವಾರ ಹನ್ನೊಂದಕ್ಕ. ಗುಂಡಿ ಒತ್ತಿದ್ರ ಗಪ್ಪ ಅಂದ್ರ ಗಪ್ಪ. ದೀಪ ಇಲ್ಲ, ಫ್ಯಾನಿನ ಸಪ್ಪಳ ಇಲ್ಲ. ನಾ ಸಂಶಯ ಇದ್ದವರ ಪಟ್ಟಿ ಮಾಡೇನಿ, ಬರ್ಕೊ. ಒಂದು, ದಾದಾಪೀರ್. ಎರಡು, ಬಾಜೂ ಮನಿಯವರ ಬೋರಿನ ಮೋಟರ್. ಮೂರು, ಹಲ್ಲಿ."

"ಹಲ್ಲಿ ಯಾಕೋ?"

"ಸೋಮವಾರದಿಂದ ಕಾಣವಲ್ದು. ತಪ್ಪು ಮಾಡದಿದ್ರ ಯಾಕ ಓಡಿ ಹೋಗಬೇಕು?"

ನಾನು ಪಟ್ಟಿ ಬದಿಗಿಟ್ಟು ಕ್ರಮವಾಗಿ ಶುರು ಮಾಡಿದೆ. ಗೋಡೆಯ ಸಾಕೆಟ್ಟಿಗೆ ಮೇಜಿನ ದೀಪ ಚುಚ್ಚಿದೆ, ಹತ್ತಿತು. ಬರೆದುಕೊಂಡೆ: ಕರೆಂಟು ಇದೆ. ಮುಂದೆ ಕಂಪ್ಯೂಟರಿನ ವೈರು. ಅನ್ನದ ಕುಕ್ಕರಿಗೂ ಅದೇ ಥರದ ವೈರು ಎಂದು ಕಂಡಿತು. ಎರಡನ್ನೂ ಅದಲು ಬದಲು ಮಾಡಿದೆ. ಅರ್ಧ ಗಂಟೆಯಲ್ಲಿ ಅನ್ನ ಬೆಂದಿತು, ಕಂಪ್ಯೂಟರ್ ಏಳಲಿಲ್ಲ. ಬರೆದುಕೊಂಡೆ: ವೈರು ನಿರ್ದೋಷಿ. ಪೆಟ್ಟಿಗೆಯ ಹಿಂದಿನ ಸಣ್ಣ ಸ್ವಿಚ್ಚು ಸರಿಯಾಗಿತ್ತು. ವೈರು ಕಿತ್ತು, ಮುಂದಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚುಚ್ಚಿ ನೋಡುವುದೂ ಒಂದು ಚಿಕಿತ್ಸೆಯಂತೆ. ನಾಡಿ ಎಣಿಸಿದಂತೆ ಗಡಿಯಾರ ನೋಡುತ್ತ ಎಣಿಸಿದೆ. ರೋಗಿ ಕಣ್ಣು ತೆರೆಯಲಿಲ್ಲ.

"ಒಳಗ ಬಿಚ್ಚಿ ನೋಡಬೇಕು. ದಾದಾಪೀರ್ ಅವ್ರನ್ನ ಕರಿ," ಎಂದೆ.

"ಆರೋಪಿ ಕಡಿಂದನ ತನಿಖಿ ಮಾಡಸ್ತಾರೇನು?"

ನಾನೇ ಫೋನು ಮಾಡಿದೆ. ಹಣೆಗೆ ಕನ್ನಡಕ ಏರಿಸಿಕೊಂಡು, ಚೀಲ ಹಿಡಿದು ದಾದಾಪೀರ್ ಬಂದರು.

"ಎಲ್ಲಿಂದ ಬಂದ್ರಿ?" ಅಣ್ಣನ ಪ್ರಶ್ನೆ.

"ಅಂಗಡಿಯಿಂದ್ರಿ ಸಾಹೇಬ್ರ."

"ನೆಟ್ಟಗ ಬಂದ್ರ್ಯೋ, ನಡುವ ಎಲ್ಯಾರ ಇಳದ್ರ್ಯೋ?"

"ನಡಕೋಂತ ಬಂದೇನ್ರಿ. ತಿಕೀಟಿನ ಬದಲಿ ಚಪ್ಪಲಿ ತೋರಸ್ಲೇನ್ರಿ?"

ಅತ್ತಿಗೆ ಚಪ್ಪಾಳೆ ತಟ್ಟಿದಳು. ಧ್ವನಿ ಹೋದ ಮೇಲೆ ಅದೇ ಅವಳ ನಗು. ದಾದಾಪೀರ್ ಪೆಟ್ಟಿಗೆಯನ್ನು ಬೆಳಕಿಗೆ ಎಳೆದು ತಿರುಗಿಸಿದರು. ನಾಲ್ಕೂ ಮೂಲೆಗೆ ಬಿಳಿ ಕಾಗದದ ಪಟ್ಟಿ, ಅಂಟು, ಮೇಲೆ ಅಣ್ಣನ ಸಹಿ!

"ಸಾಹೇಬ್ರ, ಇದು ಕಂಪ್ಯೂಟರೋ, ಮತದ ಪೆಟ್ಟಿಗ್ಯೋ?"

ಅಣ್ಣ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದ. ಇನ್ನೊಬ್ಬ ಆರೋಪಿಯ ಹೆಸರು ಹೇಳುತ್ತಾನೆ ಎಂದುಕೊಂಡೆ. ಹೌದು, ಹೇಳಿದ.

"ತಂಗಿ, ನನಗ ನಿನ್ನ ಅತ್ತಿಗಿ ಮ್ಯಾಲ ಸಂಶಯ."

"ಏನು ಹಚ್ಚೀಯೋ ಮಾರಾಯ?"

"ಸೋಮವಾರ ಸಂಜಿಮುಂದ ಜಗಳ ಆತು. ಸಂತಿಯಿಂದ ನಾ ತಂದ ಬದನಿಕಾಯಿ ಒಂದೂ ಸರಿ ಇಲ್ಲ ಅಂತ ಒಂದ ಸವನ ಟೈಪ್ ಮಾಡಾಕತ್ತಿದ್ಲು. ಆ ಹುಡುಗಿ ಧ್ವನಿ ಓದಾಕತ್ತಿತ್ತು. ನಾ ಸಿಟ್ಟಿಗೆದ್ದು, 'ಸಾಕು, ಬಾಯಿ ಮುಚ್ಚು' ಅಂದೆ." ಅವನು ಪಪ್ಪಾಯಿ ಗಿಡದ ಒಣಗಿದ ಎಲೆಯೊಂದನ್ನು ಕಿತ್ತ. "ಬಾಯಿ ಮುಚ್ಚು ಅಂತ, ಆಕಿಗೆ ಅಂದೆ. ಮರುದಿನಾನ ಮಿಷನ್ ಬಂದ್ ಆತು. ಆಕೀನ ಏನರ ಕಿತ್ತಿರಬೇಕು. ಪಾಟಿ ಮುಂದ ಇಟ್ಟೆ, ಒಂದ ಅಕ್ಷರ ಬರೀಲಿಲ್ಲ. ನನ್ನ ಕೂಡ ಮಾತು ಬ್ಯಾಡಾಗೈತಿ ಆಕಿಗೆ."

ನಲವತ್ತು ವರ್ಷ ಸಂಶಯದಲ್ಲೇ ಬದುಕಿದವನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡೆ. ಈ ಸಂಶಯಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಜಾಗ ಇರಲಿಲ್ಲ. "ಒಳಗ ನಡಿ," ಎಂದಷ್ಟೇ ಹೇಳಿದೆ.

ಒಳಗೆ ದಾದಾಪೀರ್ ಪೆಟ್ಟಿಗೆ ಬಿಚ್ಚಿದ್ದರು. ಕರೆಂಟು ಹಂಚುವ ಡಬ್ಬಿಯನ್ನು ಬಿಡಿಸಿ, ಅದರ ಎರಡು ವೈರುಗಳ ನಡುವೆ ಕಾಗದದ ಕ್ಲಿಪ್ಪು ಚುಚ್ಚಿ ಪರೀಕ್ಷಿಸಿದರು. ಡಬ್ಬಿಯ ಫ್ಯಾನು ಗರ್ರನೆ ತಿರುಗಿತು. "ಹೃದಯ ಗಟ್ಟಿ ಐತ್ರಿ ನರ್ಸಮ್ಮಾರ," ಎಂದರು. ಆಮೇಲೆ ಟಾರ್ಚು ಹಿಡಿದು ಬಗ್ಗಿದವರು ಬಗ್ಗಿದಂತೆಯೇ ಉಳಿದರು.

"ಇದೇನ್ರಿ ಇದು?"

ನಾನೂ ಬಗ್ಗಿದೆ. ಒಳಗಿನ ಒಂದೊಂದು ಭಾಗದ ಮೇಲೂ ಸಹಿ! ಫ್ಯಾನಿನ ಏಳು ರೆಕ್ಕೆಗೆ ಏಳು ಸಹಿ! ಕೆಳಗಿನ ಮೂಲೆಯಲ್ಲಿ, ಗುಂಡಿಯ ವೈರು ಕೂಡುವ ಎರಡು ಸಣ್ಣ ಸೂಜಿಗಳ ಪಕ್ಕ, ಜಾಗ ಸಾಲದೆ ಒತ್ತಿ ಬರೆದ ಅಕ್ಷರಗಳು: 'ತಪಾಸಣೆ ಮಾಡಿದೆ. ಮಂಗಳವಾರ, ೧೦-೪೦.' ಆ ಎರಡು ಸೂಜಿಗಳಿಂದ ಕಳಚಿದ ವೈರು ಪಕ್ಕದಲ್ಲೇ ಜೋತಾಡುತ್ತಿತ್ತು.

ನಾನು ನೋಟ್‌ಬುಕ್ ತೆರೆದು ಗಟ್ಟಿಯಾಗಿ ಓದಿದೆ: "ಮಂಗಳವಾರ ಹನ್ನೊಂದಕ್ಕೆ ಸತ್ತಿತು."

"ನಾ ಬರೇ ಸಹಿ ಮಾಡೇನಿ!" ಎಂದ ಅಣ್ಣ. "ರಿಪೇರಿಯವ್ರು ಸಾಮಾನು ಬದಲಿ ಮಾಡ್ತಾರ ಅಂತ ಯಾರೋ ಅಂದ್ರು. ಆಕಿ ಜಳಕಕ್ಕ ಹೋದಾಗ ಬಿಚ್ಚಿ ಗುರುತು ಹಾಕಿದೆ. ಸಹಿ ಮಾಡಿದ್ರ ಮಿಷನ್ ಸಾಯತಾವೇನು?"

"ಸಹಿಯಿಂದ ಅಲ್ರಿ, ಪೆನ್ ಹಿಡದ ಕೈ ತಾಕಿ ವೈರು ಜಾರೈತಿ," ಎಂದು ದಾದಾಪೀರ್ ಅದನ್ನು ಎರಡು ಬೆರಳಲ್ಲಿ ಹಿಡಿದು ಸೂಜಿಗಳಿಗೆ ಸಿಕ್ಕಿಸಿದರು. "ಸಾಹೇಬ್ರ, ಇಷ್ಟು ವರ್ಷಕ್ಕ ಒಬ್ಬ ಕಳ್ಳ ಸಿಕ್ಕಾನ್ರಿ ನಿಮಗ. ಸಹಿ ಸಮೇತ!"

ಗುಂಡಿ ಒತ್ತಿದರು. ದೀಪ ಹತ್ತಿತು, ಫ್ಯಾನು ಸಪ್ಪಳ ಮಾಡಿತು, ಏಳು ಸಹಿಗಳು ಒಂದು ಕರಿ ಬಳೆಯಾಗಿ ತಿರುಗಿದವು. ಅತ್ತಿಗೆ ಕುರ್ಚಿ ಎಳೆದುಕೊಂಡು ಕುಳಿತಳು. ಮೂರು ದಿನ ಕೂಡಿಟ್ಟ ಬೈಗುಳದ ಮಳೆ ಈಗ ಸುರಿಯುತ್ತದೆ ಎಂದು ನಾನು ಸೆರಗು ಸರಿಮಾಡಿಕೊಂಡು ಕುಳಿತೆ. ಹತ್ತು ಬೆರಳು ಓಡಿದವು. ಸ್ಪೀಕರಿನ ಧ್ವನಿ ವಾರ್ತೆ ಶುರು ಮಾಡಿತು:

"ನೀವು ಬಿಚ್ಚಿದ್ದು ನಾ ಬಾಗಲ ಸಂದಿನ್ಯಾಗ ನೋಡೇನಿ..."

ಅಣ್ಣ ತಟ್ಟನೆ ಮುಂದೆ ಹೋಗಿ ಸ್ಪೀಕರಿನ ವೈರನ್ನೇ ಕಿತ್ತ. "ಈ ಹುಡುಗಿ ನಮ್ಮ ನಡುವ ಬ್ಯಾಡ," ಎಂದ. ಮತ್ತೆ ಹಿಂದೆ ಸರಿದು, ಅಕ್ಷರಗಳು ತಿಳಿಯುವಷ್ಟು ದೂರ ನಿಂತು, ತಾನೇ ಓದತೊಡಗಿದ. ವಾರ್ತೆಯ ಹಾಗಲ್ಲ, ಅತ್ತಿಗೆ ಮೊದಲು ಮಾತಾಡುತ್ತಿದ್ದ ಹಾಗೆ, ಅದೇ ಏರು, ಅದೇ ಎಳೆತ. "ನೀವಾಗೇ ಒಪ್ಪಿಕೊಂತೀರೇನು ಅಂತ ಮೂರು ದಿನ ಕಾದೆ. ಊರ ಮಂದಿನೆಲ್ಲಾ ಹಿಡದ್ರಿ, ಹಲ್ಲೀನೂ ಬಿಡಲಿಲ್ಲ. ನಿಮ್ಮ ಕೈ ಮಾತ್ರ ನಿಮಗ ಕಾಣಲಿಲ್ಲ." ತನ್ನನ್ನು ಬೈದ ಒಂದು ಅಕ್ಷರವನ್ನೂ ಅವನು ನುಂಗಲಿಲ್ಲ. ದಾದಾಪೀರ್ ಸದ್ದಿಲ್ಲದೆ ಚೀಲ ಕಟ್ಟುತ್ತಿದ್ದರು.

ಅತ್ತಿಗೆಯ ಬೆರಳುಗಳು ಈ ಸಲ ನಿಧಾನವಾಗಿ ನಡೆದವು. ಅಣ್ಣನೂ ನಿಧಾನವಾಗಿ ಓದಿದ:

"ಸಿಟ್ಟಿಗಿ ಪಾಟಿ ಬಿಟ್ಟಿದ್ದಲ್ಲ. ಪಾಟಿ ಹಿಡದ್ರ ನಾ ಮೂಕಿ ಅನಸ್ತೈತಿ. ಇದರ ಮುಂದ ಕುಂತ್ರ ನಿಮ್ಮ ಕೂಡ ಮಾತಾಡಿದಂಗ..."

ಅಲ್ಲಿಗೆ ಅವನ ಧ್ವನಿ ನಿಂತಿತು. ಉಳಿದ 'ಅನಸ್ತೈತಿ' ಎಂಬ ಒಂದು ಪದ ಪರದೆಯ ಮೇಲೆ ದೊಡ್ಡದಾಗಿ ಹಾಗೇ ಇತ್ತು. ಅಣ್ಣ ಅಂಗೈಯಿಂದ ಕಣ್ಣು ಒರೆಸಿಕೊಂಡು ಅವಳ ಕುರ್ಚಿಯ ಬೆನ್ನಿಗೆ ಕೈಯಿಟ್ಟ.

"ಬೈ," ಎಂದ. "ನಿಲ್ಲಿಸಬ್ಯಾಡ. ಇನ್ನೂ ಮೂರು ದಿನದ್ದು ಉಳದೈತಿ. ನಾ ಓದತೇನಿ."