ಅರ್ಲಿ ಡಿಸಿಷನ್ ತಜ್ಞ ಸಿದ್ಧಲಿಂಗೇಶ್

ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲ ಎಂಬುದು ಸಿದ್ಧಲಿಂಗೇಶನ ಹಳೆಯ ದೂರು. ಅಮೆರಿಕದ ಆಶ್‌ಬರ್ನ್‌ನಲ್ಲಿ ಅವನು ಕೆಲಸ ಮಾಡುವ ಡೇಟಾ ಸೆಂಟರಿನಲ್ಲಿ ಹಾಗಿರಲಿಲ್ಲ. ಕರೆಂಟು ಹೋದರೆ ಜನರೇಟರ್, ಅದು ಕೈಕೊಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮತ್ತೊಂದು ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಅವನ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿ ಸ್ವಭಾವವೂ ಹಾಗೇ ಆಗಿಹೋಗಿತ್ತು. ಮನೆಯಲ್ಲಿ ಛತ್ರಿ ನಾಲ್ಕು, ಕುಕ್ಕರಿನ ಗ್ಯಾಸ್ಕೆಟ್ ಆರು. (ಹೆಂಡತಿ ಒಬ್ಬಳೇ, ಅದಕ್ಕೆ ಕಾನೂನು ಕಾರಣ.) ಒಬ್ಬಳೇ ಮಗಳಿಗೆ ಸುರಕ್ಷಾ ಎಂದೇ ಹೆಸರಿಟ್ಟಿದ್ದ.

ಆ ಸುರಕ್ಷಾ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಳು. ಆಗಸ್ಟಿನ ಒಂದು ಭಾನುವಾರ ದೋಸೆ ತಿನ್ನುತ್ತಾ, ನಾರ್ತ್ ಕೆರೊಲೈನಾದ ಕಾಲೇಜೊಂದಕ್ಕೆ ಅರ್ಲಿ ಡಿಸಿಷನ್ ಹಾಕುತ್ತೇನೆಂದಳು. ನೂರು ಜನ ಅರ್ಜಿ ಹಾಕಿದರೆ ಆರೇಳು ಜನರನ್ನು ತೆಗೆದುಕೊಳ್ಳುವ ಕಾಲೇಜು ಅದು. ನವೆಂಬರ್ ಒಂದರೊಳಗೆ ಹಾಕಿದರೆ ಸೀಟು ಸಿಗುವ ಸಂಭವ ಕೊಂಚ ಹೆಚ್ಚು. ಆದರೆ ಸಿಕ್ಕಿದರೆ ಅಲ್ಲಿಗೇ ಸೇರಬೇಕು, ಉಳಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು. ಹಾಗೆಂದು ಅಪ್ಪನೋ ಅಮ್ಮನೋ ಸಹಿ ಮಾಡಿಕೊಡಬೇಕು.

"ಅಂದ್ರೆ ಬ್ಯಾಕಪ್ಪೇ ಇಲ್ವಾ?" ಎಂದ ಸಿದ್ಧಲಿಂಗೇಶ್.

"ಬ್ಯಾಕಪ್ ಬೇಡ ಅಪ್ಪ. ಐ ಲವ್ ದಟ್ ಪ್ಲೇಸ್. ನಂಗೆ ಸಮುದ್ರದ ಆಮೆ ಸ್ಟಡಿ ಮಾಡ್ಬೇಕು."

"ನೋಡೋಣ."

ಆ 'ನೋಡೋಣ' ಎರಡು ತಿಂಗಳ ಮೇಲೆ ನಡೆಯಿತು. ಇಪ್ಪತ್ತಮೂರು ಕಾಲೇಜುಗಳನ್ನು ತೂಗಿ ನೋಡುವ ಮಹಾ ಸ್ಪ್ರೆಡ್‌ಶೀಟೊಂದು ಅವತರಿಸಿತು. ಹಿಮ ಬೀಳುವ ದಿನಗಳಿಗೊಂದು ಕಾಲಂ, ವಿಮಾನ ನಿಲ್ದಾಣದ ದೂರಕ್ಕೊಂದು, ಹತ್ತಿರದಲ್ಲಿ ಕರಿಬೇವು ಸಿಗುತ್ತದೆಯೇ ಎಂಬುದಕ್ಕೊಂದು. ಸುರಕ್ಷಾ ಕೇಳಿದಾಗಲೆಲ್ಲ ಹೊಸ ಕಾಲಂ ಹುಟ್ಟುತ್ತಿತ್ತು. ಅಕ್ಟೋಬರ್ ನಡುವಿನ ಹೊತ್ತಿಗೆ ಅವಳು ಕೇಳುವುದನ್ನೇ ಬಿಟ್ಟಳು. ತಟ್ಟೆ ಎತ್ತಿಕೊಂಡು ರೂಮಿಗೆ ಹೋಗಿ ಊಟ ಮಾಡತೊಡಗಿದಳು.

"ರೀ, ಮಗು ನಿಮ್ಮ ಹತ್ರ ಮಾತಾಡಿ ಹತ್ತು ದಿನ ಆಯ್ತು," ಎಂದಳು ಹೆಂಡತಿ ಶೈಲಜಾ. "ಆಗತ್ತೆ ಅನ್ನಿ, ಇಲ್ಲಾ ಆಗಲ್ಲ ಅನ್ನಿ."

"ಅವಸರದಲ್ಲಿ ಸೈನ್ ಮಾಡೋಕಾಗತ್ತಾ? ಸೀಟು ಸಿಕ್ಬಿಟ್ರೆ?"

"ಸಿಗಲಿ ಅಂತ ತಾನೆ ಅಪ್ಲೈ ಮಾಡೋದು?"

ಅದಕ್ಕೆ ಅವನ ಬಳಿ ಕಾಲಂ ಇರಲಿಲ್ಲ. ಸಿಕ್ಕಿಬಿಟ್ಟರೆ ಮಗಳು ಐದು ಗಂಟೆಯ ದಾರಿ ದೂರ ಹೋಗುತ್ತಾಳೆ, ಸಂಜೆ ಬಾಗಿಲು ತೆಗೆದಾಗ ಮನೆ ಸುಮ್ಮನಿರುತ್ತದೆ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಇಷ್ಟರಲ್ಲಿ ಸ್ಪ್ರೆಡ್‌ಶೀಟಿನ ಕೀರ್ತಿ ಒಂದು ಗಂಟೆ ದಾರಿಯಾಚೆಯ ಎಲಿಕಾಟ್ ಸಿಟಿಯವರೆಗೂ ಹಬ್ಬಿತು. ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಕೇಶವಮೂರ್ತಿ ಫೋನ್ ಮಾಡಿದರು. "ರಾಜ್ಯೋತ್ಸವದ ದಿನ ಊಟಕ್ಕೆ ಮುಂಚೆ ಅರ್ಧ ಗಂಟೆ ಪೇರೆಂಟ್ಸಿಗೆ ಗೈಡ್ ಮಾಡಿ ಸಾರ್. ನೀವು ಬಿಟ್ರೆ ಎಕ್ಸ್‌ಪರ್ಟ್ ಯಾರಿದಾರೆ?"

ಕನ್ನಡಮ್ಮನ ಹಬ್ಬಕ್ಕೂ ಕಾಲೇಜಿನ ಗಡುವಿಗೂ ಅದೇ ನವೆಂಬರ್ ಒಂದು. ಸಿದ್ಧಲಿಂಗೇಶ್ ರೇಷ್ಮೆ ಜುಬ್ಬ ತೊಟ್ಟು ವೇದಿಕೆ ಏರಿದ. ಎದುರಿಗೆ ನಲವತ್ತು ಜನ ಅಪ್ಪ ಅಮ್ಮಂದಿರು ನೋಟ್ಸ್ ಬರೆದುಕೊಳ್ಳುತ್ತಿದ್ದರು. ತನ್ನ ಮಾತನ್ನು ಇಷ್ಟು ಜನ ಇಷ್ಟು ಹೊತ್ತು ಕೇಳಿದ್ದು ಅವನ ಆಯುಷ್ಯದಲ್ಲೇ ಮೊದಲು. ಹಾಗಾಗಿ ಪ್ರಶ್ನೋತ್ತರದ ಹೊತ್ತಿಗೆ ನೆಲದಿಂದ ಒಂದು ಅಡಿ ಮೇಲಿದ್ದ. ಕೇಶವಮೂರ್ತಿ ಸಭಿಕರ ಚೀಟಿಯೊಂದನ್ನು ಓದಿದರು.

"ಮಗುವಿಗೆ ಒಂದೇ ಕಾಲೇಜು ಬೇಕು. ನಮ್ಮನೆಯವರು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಇವತ್ತೇ ಕೊನೆ ದಿನ. ಏನು ಮಾಡಲಿ?"

ಸಿದ್ಧಲಿಂಗೇಶ್ ಮರುಕದ ನಗೆ ನಕ್ಕ.

"ಇಂಥ ಪುಕ್ಕಲರಿಂದಾನೇ ಮಕ್ಕಳ ಭವಿಷ್ಯ ಹಾಳಾಗೋದು. ಅಮ್ಮ, ನೀವು ಯಾರೋ ನಂಗೊತ್ತಿಲ್ಲ. ಅವರನ್ನ ಕಾಯಬೇಡಿ. ಒಬ್ಬರ ಸೈನ್ ಸಾಕು, ನೀವೇ ಮಾಡಿ. ಇಲ್ಲೇ, ಕೂತಲ್ಲೇ, ಫೋನಲ್ಲೇ ಮಾಡಿ. ಆ ಮಹಾಶಯರಿಗೆ ಆಮೇಲೆ ನಾನೇ ತಿಳಿಹೇಳ್ತೀನಿ."

ಚಪ್ಪಾಳೆ ಬಿತ್ತು. ಹೆಂಗಸರ ಕಡೆಯಿಂದ ತುಸು ಹೆಚ್ಚೇ ಬಿತ್ತು.

ಊಟದ ಸಾಲಿನಲ್ಲಿ ಅವನು ಬಿಸಿಬೇಳೆಬಾತಿಗೆ ತಟ್ಟೆ ಒಡ್ಡಿದ್ದಾಗ ಸುರಕ್ಷಾ ಓಡಿಬಂದು ತಬ್ಬಿಕೊಂಡಳು. "ಥ್ಯಾಂಕ್ ಯು ಅಪ್ಪ. ಸಬ್ಮಿಟ್ ಆಯ್ತು."

"ಏನು ಸಬ್ಮಿಟ್?"

"ನೀವು ಹೇಳಿದ ಹಾಗೇ ಕೂತಲ್ಲೇ ಸೈನ್ ಹಾಕ್ದೆ," ಎಂದಳು ಮೇಜಿನ ಆಚೆ ನಿಂತಿದ್ದ ಶೈಲಜಾ, ಅವನ ತಟ್ಟೆಗೆ ಕೋಸಂಬರಿ ಬಡಿಸುತ್ತಾ. "ಎಷ್ಟು ಚೆನ್ನಾಗಿ ಹೇಳಿದ್ರಿ ಅಂತ ಎಲ್ಲರೂ ಹೊಗಳ್ತಿದಾರೆ."

ಸಿದ್ಧಲಿಂಗೇಶ್ ಬಾಯಿ ತೆರೆದ. ಸುರಕ್ಷಾ ಆಗಲೇ ಗೆಳತಿಯರ ಗುಂಪಿನಲ್ಲಿ ನಗುತ್ತಿದ್ದಳು. ಆ ನಗು ಕೇಳಿ ಎಷ್ಟೋ ದಿನವಾಗಿತ್ತು. ತೆರೆದ ಬಾಯನ್ನು ಅವನು ಹಾಗೇ ಮುಚ್ಚಿಕೊಂಡ.

ಅಷ್ಟರಲ್ಲಿ ಕೇಶವಮೂರ್ತಿ ಹೋಳಿಗೆ ಹಿಡಿದು ಬಂದರು. "ಫಸ್ಟ್ ಕ್ಲಾಸ್ ಭಾಷಣ ಸಾರ್. ಆ ಚೀಟಿಯ ಮಹಾಶಯರು ಇಲ್ಲೇ ಎಲ್ಲೋ ಇರ್ಬೇಕು. ಹುಡುಕಿ ಕರ್ಕೊಂಡು ಬರ್ಲಾ? ತಿಳಿಹೇಳ್ತೀನಿ ಅಂದ್ರಲ್ಲ."

"ಬೇಡ ಬಿಡಿ," ಎಂದ ಸಿದ್ಧಲಿಂಗೇಶ್. "ಅವರಿಗೆ ಈಗ ತಾನೆ ತಿಳೀತು."