ಅರ್ಧ ಟ್ಯಾಂಕರ್ ನೀರು

ಊರಿಗೆಲ್ಲ ನೀರು ಹೊತ್ತು ಕೊಡುವ ಟ್ಯಾಂಕರಣ್ಣನ ಮನೆಯಲ್ಲಿ ಒಂಬತ್ತು ದಿನದಿಂದ ನೀರಿರಲಿಲ್ಲ. ಹಾಗೆ ನೋಡಿದರೆ ಆ ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಆದರೆ ಉಳಿದ ಇಪ್ಪತ್ತೊಂದು ಮನೆಯವರಿಗೆ ಬೈಯಲು ಟ್ಯಾಂಕರಣ್ಣನಿದ್ದ. ಟ್ಯಾಂಕರಣ್ಣನಿಗೆ ಯಾರೂ ಇರಲಿಲ್ಲ.

ಬೀದಿಯ ನಲ್ಲಿಗಳೆಲ್ಲ ಮನೆ ಮುಂದಿನ ಮೆಟ್ಟಿಲ ಪಕ್ಕದಲ್ಲಿದ್ದವು. ನೀರು ಯಾವ ಹೊತ್ತಿಗೆ ಬರುತ್ತದೆಂಬುದು ನೀರು ಬಿಡುವವನಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಆಳುದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಊರು ಸುತ್ತುವ ಅವನು, ಮೇಲಿನ ತೊಟ್ಟಿಯಲ್ಲಿ ನೀರು ಮಿಕ್ಕಿದ ದಿನ ಯಾವುದೋ ಒಂದು ಬೀದಿಯ ವಾಲ್ವು ತಿರುಗಿಸಿ ಮುಂದೆ ಹೋಗುತ್ತಿದ್ದ. ಹಾಗಾಗಿ ಈ ಬೀದಿಯವರು ನಲ್ಲಿಯನ್ನು ಹಗಲೂ ರಾತ್ರಿ ತೆರೆದೇ ಬಿಟ್ಟು ಕೆಳಗೊಂದು ಕೊಡ ಇಡುತ್ತಿದ್ದರು. ಕೊಡದ ತಳಕ್ಕೆ ಮೊದಲ ಧಾರೆ ಬಿದ್ದ ಸದ್ದಿಗೆ ಇಡೀ ಬೀದಿ ಬೆಂಕಿ ಬಿದ್ದವರಂತೆ ಹೊರಗೆ ಓಡಿ ಬರುತ್ತಿತ್ತು.

ಆ ದಿನ ಬೆಳಿಗ್ಗೆ ಟ್ಯಾಂಕರಣ್ಣ ಚಪ್ಪಲಿ ಮೆಟ್ಟುತ್ತಿರುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಅಕ್ಕ, ಭಾವ, ನಾಲ್ಕು ಮಕ್ಕಳು. ಸಂಜೆ ಬಸ್ಸಿಗೆ ಬರ್ತಿದಾರೆ," ಎಂದಳು. "ಫೋನಲ್ಲಿ ಹೇಳೋದು ಬೇರೆ, ಮನೆಗೆ ಬಂದ ಅಕ್ಕನ ಮುಂದೆ ಕೈ ತೊಳ್ಯೋಕೂ ನೀರಿಲ್ಲ ಅಂತ ನಾನು ಹೇಳೋಳಲ್ಲ. ಟ್ಯಾಂಕರ್ ಬಂದ್ರೆ ನೀವೂ ಬನ್ನಿ. ಬರದಿದ್ರೆ ನೀವೂ ಬರ್ಬೇಡಿ."

ಕೊನೆಯ ಟ್ರಿಪ್ಪಿನಲ್ಲಿ ಮಿಕ್ಕಿದ ನೀರನ್ನು ಚಾಲಕ ತನ್ನ ಬೀದಿಗೆ ಕೊಡಬಹುದೆಂದು ನೀರಿನ ಕಚೇರಿಯ ಒಪ್ಪಿಗೆಯಿತ್ತು. ತೊಂದರೆಯೆಂದರೆ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೀರು ಮಿಕ್ಕಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಟ್ಯಾಂಕರಣ್ಣ ದಾರಿಯಲ್ಲಿ ಸಿಕ್ಕ ನೀರು ಬಿಡುವವನ ಹತ್ತಿರವೂ ಕೈಮುಗಿದು ಕೇಳಿದ. ಅವನು ಕೀಲಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿ, ತೊಟ್ಟಿಯಲ್ಲಿ ಮಿಕ್ಕಬೇಕಲ್ಲಪ್ಪ, ನಾನು ಯಾರಿಗೂ ಮಾತು ಕೊಡುವವನಲ್ಲ ಎಂದು ಹೊರಟುಹೋದ.

ಊರಿಗೆ ಅಂದು ಬೇರೆಯದೇ ಗುಂಗು. ಅಂತರರಾಷ್ಟ್ರೀಯ ಬೀಚ್ ಫುಟ್‌ಬಾಲ್ ಪಂದ್ಯಾವಳಿಗೆ ಈ ಪ್ರಾಂತ್ಯದಿಂದ ಯಾರು ಹೋಗಬೇಕೆಂದು ತೀರ್ಮಾನವಾಗುವ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಮಧ್ಯಾಹ್ನ ಕಡಲ ದಂಡೆಯ ಮೇಲಿತ್ತು. ಹದಿನಾಲ್ಕು ವರ್ಷ ಮೊದಲ ಪಂದ್ಯದಲ್ಲೇ ಗಂಟುಮೂಟೆ ಕಟ್ಟುತ್ತಿದ್ದ ಊರಿನ ಹಳದಿ ಅಂಗಿಯ ತಂಡ ಈ ಸಲ ಹೇಗೋ ಅಲ್ಲಿಯತನಕ ಬಂದುಬಿಟ್ಟಿತ್ತು. ಎದುರಾಳಿಗಳು ಹಸಿರು ಅಂಗಿಯವರು. ಹಿಂದಿನ ಸಲ ಗೆದ್ದವರು, ಅದರ ಹಿಂದಿನ ಸಲವೂ ಗೆದ್ದವರು. ಅಂಗಡಿಗಳು ಬಾಗಿಲು ಹಾಕಿದ್ದವು. ಬೀದಿನಾಯಿಗಳು ಕೂಡ ಕಡಲ ಕಡೆಗೇ ಹೊರಟಂತಿದ್ದವು.

ಈ ಆಟ ಬರಿಗಾಲಿನದು. ಮಧ್ಯಾಹ್ನದ ಮರಳೋ ಕಾದ ಕಾವಲಿ. ಕಡಲ ನೀರೆತ್ತಲು ಅಲ್ಲಿ ಪಂಪಿರಲಿಲ್ಲ. ಪಂದ್ಯಾವಳಿಯ ಮೇಲ್ವಿಚಾರಕ ಟ್ಯಾಂಕರಣ್ಣನನ್ನು ಕರೆಸಿ, ಆಟಕ್ಕೆ ಮುಂಚೆ ಅಂಕಣ ತಣ್ಣಗಾಗಬೇಕು, ಇದೇ ನಿನ್ನ ಈ ದಿನದ ಕೊನೆಯ ಟ್ರಿಪ್ಪು ಎಂದ. ಟ್ಯಾಂಕರಣ್ಣನ ಕಿವಿಗೆ ಬಿದ್ದದ್ದು 'ಕೊನೆಯ ಟ್ರಿಪ್ಪು' ಅನ್ನುವುದಷ್ಟೇ. ಅರ್ಧ ಇಲ್ಲಿ, ಅರ್ಧ ಮನೆಗೆ ಎಂದು ಅಲ್ಲೇ ಮನಸ್ಸಿನಲ್ಲಿ ಪಾಲು ಮಾಡಿದ.

ಆದರೆ ಅರ್ಧ ಟ್ಯಾಂಕರನ್ನು ಅಷ್ಟಗಲ ಅಂಕಣಕ್ಕೆ ಚೆಲ್ಲಿದರೆ ಮರಳಿನ ಗಂಟಲೂ ನೆನೆಯುವುದಿಲ್ಲ. ಪೈಪು ಹಿಡಿದು ಯೋಚಿಸುತ್ತ ನಿಂತವನಿಗೆ ನೆರವಾದವನು ಅವನದೇ ಬೀದಿಯ ಕ್ಷೌರದಂಗಡಿಯವ. ಅವನಿಗೆ ತಿಳಿಯದ ಆಟ ಭೂಮಿಯ ಮೇಲೆ ಇರಲಿಲ್ಲ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಎದುರು ಮಾತಾಡದ ಗಿರಾಕಿಗಳ ನಡುವೆ ಬೆಳೆದ ಜ್ಞಾನ ಅದು. ಮೂವತ್ತು ವರ್ಷದಲ್ಲಿ ಯಾರೂ ಅವನಿಗೆ ತಪ್ಪು ಎಂದಿರಲಿಲ್ಲ.

ಮೊದಲ ಸಾಲಿನಿಂದ ಎದ್ದು ಬಂದು ಅವನು ಟ್ಯಾಂಕರಣ್ಣನ ಕಿವಿಯಲ್ಲಿ ಉಸುರಿದ. "ನಮ್ಮೋರು ಈ ಕಡೆ ನಿಲ್ತಾರೆ, ಅವ್ರು ಆ ಕಡೆ. ಈ ಕಡೆ ಮಾತ್ರ ನೆನೆಸು. ನಮ್ಮೋರ ಕಾಲು ತಣ್ಣಗಿರುತ್ತೆ, ನಿನ್ನ ನೀರೂ ಉಳಿಯುತ್ತೆ."

ಟ್ಯಾಂಕರಣ್ಣನಿಗೆ ಆಟದ ಗಂಧ ತಿಳಿಯದು. ಲೆಕ್ಕ ಮಾತ್ರ ಅಚ್ಚುಕಟ್ಟಾಗಿ ಕಂಡಿತು. ಈ ಕಡೆಯ ಅರ್ಧ ಅಂಕಣಕ್ಕೆ ಧಾರಾಳವಾಗಿ ನೀರು ಹೊಡೆದ. ಟಿ.ವಿ.ಯವರ ಕ್ಯಾಮೆರಾ ತನ್ನ ಕಡೆ ತಿರುಗಿದ್ದು ಕಂಡು ಹಲ್ಲು ಕಿರಿದು ಕೈಯನ್ನೂ ಬೀಸಿದ.

ಪಂದ್ಯ ಶುರುವಾಯಿತು. ಹನ್ನೆರಡು ನಿಮಿಷದ ಮೂರು ಸರದಿ. ಮೊದಲ ಸರದಿಯಲ್ಲಿ ಹಸಿರಿನವರು ಬಾಣಲೆಗೆ ಬಿದ್ದ ಕಾಳಿನ ಹಾಗೆ ಸಿಡಿದರು. ಚೆಂಡು ನೋಡಬೇಕೋ ಕಾಲು ನೋಡಬೇಕೋ ಅವರಿಗೆ ತಿಳಿಯಲಿಲ್ಲ. ಅವರ ಗೋಲ್‌ಕೀಪರ್ ಒಂದೇ ಕಾಲಿನಲ್ಲಿ ಕೊಕ್ಕರೆಯಂತೆ ನಿಂತು ಕಾಲು ಬದಲಾಯಿಸುತ್ತಿದ್ದಾಗ ಎರಡು ಗೋಲು ಒಳಗೆ ಹೋದವು. ಹಾಗೆಂದು ನಮ್ಮವರೇನೂ ಆ ಕಡೆ ನುಗ್ಗಲಿಲ್ಲ. ಗೆರೆ ದಾಟಿದರೆ ತಮಗೂ ಅದೇ ಗತಿಯೆಂದು ತಣ್ಣನೆಯ ಜಾಗದಲ್ಲೇ ನಿಂತು ದೂರದಿಂದ ಒದ್ದರು. ಕ್ಷೌರದಂಗಡಿಯವ ಅಕ್ಕಪಕ್ಕದವರಿಗೆಲ್ಲ ಟ್ಯಾಂಕರಣ್ಣನನ್ನು ತೋರಿಸಿ, ತಲೆ ನನ್ನದು, ಪೈಪು ಅವನದು ಎಂದು ಹೇಳಿಕೊಂಡ.

ಆಮೇಲೆ ಸೀಟಿ ಮೊಳಗಿತು. ಎರಡು ತಂಡಗಳೂ ಕಡೆ ಬದಲಾಯಿಸಿಕೊಂಡವು.

ಟ್ಯಾಂಕರಣ್ಣ ಬೆಚ್ಚಿ ಕ್ಷೌರದಂಗಡಿಯವನನ್ನು ಹುಡುಕಿದ. ಅವನು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕಡಲಿನ ಸೌಂದರ್ಯ ನೋಡುತ್ತಿದ್ದ.

ಈಗ ಕುಣಿಯುವ ಸರದಿ ನಮ್ಮವರದು. ಹಸಿರಿನವರು ತಣ್ಣನೆಯ ಮರಳಿನಲ್ಲಿ ಹಾಯಾಗಿ ನಿಂತು, ಅಲ್ಲಿಂದಲೇ ಮೂರು ಗೋಲು ಹೊಡೆದರು. ನಮ್ಮ ನಾಯಕ ಚೆಂಡನ್ನು ಬಿಟ್ಟು ಕಡಲಿಗೆ ಓಡಿ ಕಾಲು ಅದ್ದಿಕೊಂಡು ಬಂದ. ಆಗಷ್ಟೇ ಬೆನ್ನು ತಟ್ಟಿದವರೆಲ್ಲ ಟ್ಯಾಂಕರಣ್ಣನ ಹೆಸರು ಹಿಡಿದು ಬೈಯತೊಡಗಿದರು. ಬೈಗುಳ ಅವನಿಗೆ ಹೊಸದಲ್ಲ. ಗಾಡಿಯಲ್ಲಿ ಅರ್ಧ ನೀರಿದೆ, ಇದು ಮುಗಿದರೆ ಸಾಕು, ನೇರ ಮನೆಗೆ ಎಂದುಕೊಂಡು ಚಕ್ರದ ಮರೆಯಲ್ಲಿ ಕುಳಿತ.

ಎರಡನೆಯ ಸರದಿ ಮುಗಿದಾಗ ತೀರ್ಪುಗಾರ್ತಿ ಬಗ್ಗಿ ಈ ಕಡೆಯ ಮರಳಿನ ಮೇಲೆ ಅಂಗೈ ಇಟ್ಟಳು. ಆ ಕಡೆಗೆ ನಡೆದು ಅಲ್ಲಿಯೂ ಇಟ್ಟಳು, ತಟ್ಟನೆ ತೆಗೆದಳು. ಮೇಲ್ವಿಚಾರಕನನ್ನು ಹಿಂದಿಟ್ಟುಕೊಂಡು ನೇರ ಟ್ಯಾಂಕರಿನ ಹತ್ತಿರ ಬಂದಳು.

"ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಲೆ. ಯಾಕೆ?"

"ನೀರು ಇದ್ದದ್ದೇ ಅಷ್ಟು, ಅಮ್ಮ," ಎಂದ ಟ್ಯಾಂಕರಣ್ಣ.

ಅವಳು ಕಲ್ಲಂಗಡಿ ಕೊಳ್ಳುವವರ ಹಾಗೆ ಟ್ಯಾಂಕರಿನ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ಬಡಿದಳು. ಮೇಲೆ ಟಣ್ ಎಂದಿತು. ನಡುವಿನಿಂದ ಕೆಳಗೆ ದೊಬ್ ಎಂದಿತು.

"ಹತ್ತು ನಿಮಿಷ," ಎಂದಳು. "ಆ ಕಡೆ ನೆನೀಬೇಕು. ಇಲ್ಲದಿದ್ರೆ ಪಂದ್ಯ ಹಸಿರಿನವರದು."

ಟ್ಯಾಂಕರಣ್ಣ ಪೈಪು ಎತ್ತಿಕೊಂಡ. ಅಕ್ಕನ ಕೈಕಾಲು, ಭಾವನ ಸ್ನಾನ, ನಾಲ್ಕು ಮಕ್ಕಳ ಮುಖ ತೊಳೆಯುವ ನೀರು ಒಂದೊಂದಾಗಿ ಮರಳಿಗೆ ಇಳಿಯಿತು. ಅವನ ಕಣ್ಣಲ್ಲಿ ಬಂದದ್ದನ್ನೂ ಸೇರಿಸಿದರೆ ಅರ್ಧ ಟ್ಯಾಂಕರಿಗಿಂತ ಸ್ವಲ್ಪ ಹೆಚ್ಚೇ ಇದ್ದೀತು.

ಸರಿಯಾಗಿ ಅದೇ ಹೊತ್ತಿಗೆ ಅವನ ಬೀದಿ ಬಂತು. ಟಿ.ವಿ.ಯಲ್ಲಿ ಗಂಡ ಹಲ್ಲು ಕಿರಿಯುತ್ತ ನೀರು ಚೆಲ್ಲುವುದನ್ನು ಹೆಂಡತಿ ನೋಡಿದ್ದಳು. ಅವಳ ಹಿಂದೆ ಕುಳಿತು ಅರ್ಧ ಬೀದಿ ನೋಡಿತ್ತು. ನಮ್ಮ ಬೀದಿಗೆ ಬರಬೇಕಾದ ನೀರಲ್ಲವೇ ಅದು ಎಂದು ಮೂಲೆಮನೆ ಅಜ್ಜಿ ಎದ್ದಳು. ಅಜ್ಜಿ ಎದ್ದ ಮೇಲೆ ಕುಳಿತಿರುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಮಿಕ್ಕ ನೀರನ್ನಾದರೂ ಅಲ್ಲೇ ಹಿಡಿದುಕೊಳ್ಳೋಣವೆಂದು ಇಪ್ಪತ್ತೆರಡು ಮನೆಯವರೂ ನಲ್ಲಿಯ ಕೆಳಗಿದ್ದ ಕೊಡಗಳನ್ನು ಕಿತ್ತುಕೊಂಡು, ಬಾಗಿಲಿಗೆ ಬೀಗ ಹಾಕಿ ಹೊರಟಿದ್ದರು.

ಅವರು ಮುಟ್ಟುವಾಗ ಪೈಪಿನ ಬಾಯಿಂದ ಕೊನೆಯ ಹನಿ ತೊಟ್ಟಿಕ್ಕುತ್ತಿತ್ತು.

ಅಜ್ಜಿ ತನ್ನ ತಾಮ್ರದ ಕೊಡವನ್ನು ಬೋರಲು ಹಾಕಿ, ಸೌಟಿನಿಂದ ಬಡಿಯತೊಡಗಿದಳು. ಹಿಂದೆಯೇ ಸ್ಟೀಲಿನ ಕೊಡ, ಹಿತ್ತಾಳೆಯ ಕೊಡ, ಪ್ಲಾಸ್ಟಿಕ್ ಬಕೆಟ್ಟುಗಳೂ ದನಿಗೂಡಿಸಿದವು. ಪಾಪ, ಅದು ಪ್ರತಿಭಟನೆ. ಆದರೆ ಅಂಕಣದಲ್ಲಿ ತಲೆ ತಗ್ಗಿಸಿ ನಿಂತಿದ್ದ ಹಳದಿ ಅಂಗಿಯವರಿಗೆ ಅದು ಹೇಗೆ ಗೊತ್ತಾಗಬೇಕು? ಮೂರು–ಎರಡರಲ್ಲಿ ಸೋಲುತ್ತಿರುವ ತಮಗಾಗಿ ಮುದುಕಿಯೊಬ್ಬಳು ಅಡುಗೆಮನೆಯನ್ನೇ ಹೊತ್ತು ತಂದಿದ್ದಾಳೆಂದು ಅವರ ಎದೆ ತುಂಬಿ ಬಂತು. ಇಡೀ ದಂಡೆ ಆ ತಾಳಕ್ಕೆ ಚಪ್ಪಾಳೆ ಕೂಡಿಸಿತು. ಹಸಿರಿನವರ ನಾಯಕ ಕೂಗಿದ್ದು ಅವರಿಗೇ ಕೇಳಿಸಲಿಲ್ಲ.

ಕೊನೆಯ ಸರದಿಗೆ ತಂಡಗಳು ಮತ್ತೆ ಕಡೆ ಬದಲಾಯಿಸಿಕೊಂಡವು. ಏಳನೆಯ ನಿಮಿಷದಲ್ಲಿ ಸಮ ಸಮ. ಅಜ್ಜಿ ಬಡಿಯುತ್ತಲೇ ಪಕ್ಕದವನನ್ನು, ನಮ್ಮ ಹುಡುಗರು ಹಳದಿಯವರೋ ಹಸಿರಿನವರೋ ಎಂದು ಕೇಳಿದಳು. ಹಳದಿ ಎಂದು ತಿಳಿದ ಮೇಲೆ ಸೌಟಿನ ಏಟು ಬೇರೆಯೇ ಆಯಿತು. ಹೆಂಡತಿ, ಗಂಡನನ್ನು ಬೈಯಲೆಂದು ತೆರೆದ ಬಾಯಿಯಲ್ಲೇ 'ಹೊಡೀ, ಹೊಡೀ' ಎನ್ನುತ್ತಿದ್ದಳು.

ಇನ್ನು ಎಂಟು ಸೆಕೆಂಡು. ಟ್ಯಾಂಕರಣ್ಣ ಆಗಷ್ಟೇ ನೆನೆಸಿದ್ದ ಕಡೆಯಲ್ಲಿ, ಹಸಿರಿನವರ ಗೋಲಿನ ಮುಂದೆ, ಚೆಂಡು ಗಟ್ಟಿಯಾದ ಒದ್ದೆ ಮರಳಿಗೆ ಬಡಿದು ಎದೆಯೆತ್ತರಕ್ಕೆ ಪುಟಿಯಿತು. ಒಣ ಮರಳಾಗಿದ್ದರೆ ಅಲ್ಲೇ ಹೂತು ಕೂರುತ್ತಿತ್ತು. ನಮ್ಮ ನಾಯಕ ಬೆನ್ನು ಹಿಂದಕ್ಕೆ ಒಗೆದು, ತಲೆ ಕೆಳಗೆ ಕಾಲು ಮೇಲಾಗಿ ಗಾಳಿಯಲ್ಲಿ ಮಲಗಿ ಒದ್ದ. ಬಲೆ ಉಬ್ಬಿತು. ಸೀಟಿ ಊದಿದ್ದು ಯಾರಿಗೂ ಕೇಳಲಿಲ್ಲ.

ಹದಿನಾಲ್ಕು ವರ್ಷದ ಸೋಲು ಒಂದೇ ಕೂಗಿನಲ್ಲಿ ಕಡಲಿಗೆ ಬಿತ್ತು. ಊರು ಊರನ್ನೇ ತಬ್ಬಿಕೊಂಡಿತು. ಆಟಗಾರರು ಟ್ಯಾಂಕರಣ್ಣನನ್ನು ಹೆಗಲ ಮೇಲೆ ಎತ್ತಿ ಅಂಕಣ ಸುತ್ತಿಸಿದರು. ಟೋಪಿ ಸರಿಮಾಡಿಕೊಂಡು ಬಂದ ಕ್ಷೌರದಂಗಡಿಯವ, ಮೊದಲು ಅರ್ಧ, ಕೊನೆಗೆ ಅರ್ಧ, ಇದೆಲ್ಲ ಮೊದಲೇ ಕೂಡಿಸಿದ ಲೆಕ್ಕ ಎಂದು ಟಿ.ವಿ.ಯವರಿಗೆ ವಿವರಿಸುತ್ತಿದ್ದ. ಮರಳು ಮೆತ್ತಿದ ತಲೆ, ಮರಳು ಮೆತ್ತಿದ ಮೀಸೆ. ಆದರೂ ಟ್ಯಾಂಕರಣ್ಣನಿಗೆ ತಾನು ಹನ್ನೊಂದು ವರ್ಷದಲ್ಲಿ ಹೊತ್ತ ನೀರೆಲ್ಲ ಆ ದಿನ ಸಾರ್ಥಕವಾದಂತೆ ಅನಿಸಿತು.

ಕೆಳಗಿಳಿದಾಗ ಹೆಂಡತಿ ಅವನ ಮೀಸೆಯ ಮರಳು ಕೊಡವಿದಳು. "ಹೋಗ್ಲಿ ಬಿಡಿ," ಎಂದಳು. "ಅಕ್ಕನಿಗೆ ನಾನೇ ಏನಾದ್ರೂ ಹೇಳ್ತೀನಿ. ಬನ್ನಿ."

ಹಾಗೆ ಬೀದಿಗೆ ಬೀದಿಯೇ ಖಾಲಿ ಟ್ಯಾಂಕರಿನ ಮೇಲೆ ಹತ್ತಿ, ಕೊಡ ಬಡಿಯುತ್ತ ಮೆರವಣಿಗೆಯಾಗಿ ಊರೆಲ್ಲ ಸುತ್ತಿ ಮನೆಯ ಕಡೆ ತಿರುಗಿತು. ಸಂಜೆ ಬಿಸಿಲು ಹಳದಿಯಾಗಿತ್ತು. ಅದೂ ನಮ್ಮ ತಂಡದ್ದೇ ಎಂದು ಯಾರೋ ಹೇಳಿದರು.

ಬೀದಿಯ ತಿರುವಿನಲ್ಲಿ ಚಕ್ರ ಚಳಕ್ ಎಂದಿತು. ಟ್ಯಾಂಕರಣ್ಣ ಬ್ರೇಕು ಒತ್ತಿದ. ಈ ತುದಿಯಿಂದ ಆ ತುದಿಯವರೆಗೆ ಬೀದಿ ತೊಯ್ದು ಹೊಳೆಯುತ್ತಿತ್ತು. ಚರಂಡಿ ತುಂಬಿ ಹರಿದ ಗುರುತು ಗೋಡೆಯ ಮೇಲಿತ್ತು. ಮಳೆ ಬಂತೇನೋ ಎಂದು ಅಜ್ಜಿ ಆಕಾಶ ನೋಡಿದಳು. ಮೋಡದ ಚೂರೂ ಇರಲಿಲ್ಲ. ಇಪ್ಪತ್ತೆರಡು ಮನೆಗಳ ಮುಂದೆ ಇಪ್ಪತ್ತೆರಡು ತೆರೆದ ನಲ್ಲಿಗಳು ಬರಿಯ ಕಲ್ಲಿನ ಮೇಲೆ ಟಿಪ್ ಟಿಪ್ ಎಂದು ಕೊನೆಯ ಹನಿಗಳನ್ನು ಬಿಡುತ್ತಿದ್ದವು.

ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ, ಒಂದು ಬಸ್ಸು ಮೊದಲೇ ಬಂದಿದ್ದ ಅಕ್ಕ, ಭಾವ, ನಾಲ್ಕು ಮಕ್ಕಳು ತಲೆ ಒರೆಸಿಕೊಳ್ಳುತ್ತ ಕುಳಿತಿದ್ದರು. ಆರೂ ಮಂದಿ ಮಿಂದು ಮಡಿಯಾಗಿ ಫಳಫಳ ಹೊಳೆಯುತ್ತಿದ್ದರು.

"ನೀರಿಗೆ ಬರ ಬರ ಅಂತ ಪ್ರತಿ ಫೋನಲ್ಲೂ ಅಳ್ತಿದ್ದೆಯಲ್ಲೇ," ಎಂದಳು ಅಕ್ಕ. "ಇಲ್ಲಿ ನೋಡಿದ್ರೆ ಬೀದೀಲಿ ಹೊಳೆ ಹರೀತಿದೆ. ತುಂಬಿಡೋಣ ಅಂದ್ರೆ ಒಂದು ಚೊಂಬೂ ಹೊರಗಿಟ್ಟಿಲ್ಲ."

ಮೂಲೆಯಲ್ಲಿ ನೀರು ಬಿಡುವವ ವಾಲ್ವಿನ ಮುಚ್ಚಳ ಹಾಕಿ ಕೀಲಿಯನ್ನು ಹೆಗಲಿಗೇರಿಸುತ್ತಿದ್ದ. ಟ್ಯಾಂಕರಣ್ಣ ಇಳಿದು ಅವನ ಹತ್ತಿರ ಹೋದ.

"ಊರಿಗೆ ಊರೇ ಮ್ಯಾಚಿಗೆ ಹೋಗಿತ್ತು," ಎಂದ ನೀರು ಬಿಡುವವ. "ಎಲ್ಲೂ ಯಾರೂ ನೀರು ಹಿಡೀಲಿಲ್ಲ, ತೊಟ್ಟಿ ತುಂಬಿ ಉಕ್ಕೋಕೆ ಬಂತು. ಬೆಳಿಗ್ಗೆ ನೀನು ಕೇಳಿದ್ದು ನೆನಪಾಯ್ತು. ಅಷ್ಟನ್ನೂ ನಿಮ್ಮ ಬೀದಿಗೇ ಬಿಟ್ಟೆ. ಎರಡು ಗಂಟೆ, ಪೂರ್ತಿ ಜೋರಲ್ಲಿ. ಬಂದು ನೋಡಿದ್ರೆ ಒಂದು ನಲ್ಲಿ ಕೆಳಗೂ ಕೊಡ ಇಲ್ಲ. ಈ ಬೀದಿಗೆ ಸದ್ಯಕ್ಕೆ ನೀರು ಬೇಡ ಅಂತ ನೀರಿನ ಪುಸ್ತಕದಲ್ಲಿ ಬರೆದಿಟ್ಟಿದೀನಿ."

ಟ್ಯಾಂಕರಿನ ಮೇಲಿದ್ದ ಎಲ್ಲರ ಕಣ್ಣೂ ಮೆಲ್ಲನೆ ಟ್ಯಾಂಕರಣ್ಣನ ಮೇಲೆ ಬಂದು ನಿಂತವು. ಕ್ಷೌರದಂಗಡಿಯವ ಟೋಪಿಯನ್ನು ಮತ್ತೆ ಮೂಗಿನವರೆಗೆ ಇಳಿಸಿದ.

ಕೊನೆಗೆ ಅಜ್ಜಿಯೇ ಸೌಟಿನಿಂದ ತನ್ನ ಕೊಡಕ್ಕೆ ಒಂದೇಟು ಹಾಕಿದಳು. "ಹೋಗ್ಲಿ ಬಿಡ್ರೋ," ಎಂದಳು. "ಗೆದ್ವಲ್ಲ."

ಅದೂ ನಿಜವೇ. ಒಬ್ಬೊಬ್ಬರಾಗಿ ಇಳಿದು, ನೀರಲ್ಲಿ ಚಪ್ಪಲಿ ಚಪಚಪ ಎನಿಸುತ್ತ ತಮ್ಮ ತಮ್ಮ ಬಾಗಿಲಿಗೆ ನಡೆದರು. ಆ ಸಂಜೆ ಆ ಬೀದಿಯಲ್ಲಿ ಒದ್ದೆಯಾಗದೆ ಉಳಿದದ್ದು ಅವರ ಸೊಂಟದ ಮೇಲಿದ್ದ, ಬಡಿದು ಬಡಿದು ತಗ್ಗು ಬಿದ್ದ ಕೊಡಗಳು ಮಾತ್ರ.